ಉಳಿ ಗುರ್ತಿನ ನಿಜಗುಣಪ್ಪ

ಜನ ತನ್ನನ್ನು ನೋಡುತ್ತಿದ್ದಾರೆ ಎಂಬುದು ನಿಜಗುಣಪ್ಪನ ಲಕ್ಷ್ಯಕ್ಕೆ ಬಂದದ್ದು ಬಜಾರದ ತಿರುವಿನಲ್ಲಿ. ಮೊದಲು ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ. ಎಲ್ಲ ಅದರದರ ಮನೆಯಲ್ಲೇ ಇದ್ದವು. ಹಣೆಯ ವಿಭೂತಿ ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿರಬೇಕೆಂದು ಚಸ್ಮಾ ತೆಗೆದು ಒರೆಸಿಕೊಂಡ, ಅದೂ ಅಲ್ಲ. ಹತ್ತಿ ಅಂಗಡಿಯ ಕಟ್ಟೆಯ ಮೇಲೆ ದಿನಾ ಚಾ ಕುಡಿಯುತ್ತ ಕುಳಿತಿರುವ, ಇವನು ಹಾಯ್ದು ಹೋದರೆ ಗಾಳಿ ಹಾಯ್ದು ಹೋಯಿತೇನೋ ಎಂಬಂತೆ ಮಾತು ಮುಂದುವರಿಸುವ ಮಂದಿ ಇವತ್ತು ಕಪ್ಪು-ಬಸಿ ಕೆಳಗಿಟ್ಟು, ಎದ್ದು ನಿಂತು, ಕೈ ಮುಗಿದರು. ತನ್ನ ಹಿಂದೆ ಯಾರೋ ದೊಡ್ಡ ಮನುಷ್ಯ ಬರುತ್ತಿರಬೇಕೆಂದು ನಿಜಗುಣಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹಿಂದೆ ಒಂದು ಎಮ್ಮೆ ಬರುತ್ತಿತ್ತು. ಎಮ್ಮೆಗೆ ಬೈಲಹೊಂಗಲದಲ್ಲಿ ಇನ್ನೂ ಅಷ್ಟು ಮರ್ಯಾದೆ ಬಂದಿಲ್ಲವಾದ್ದರಿಂದ ನಮಸ್ಕಾರ ತನಗೇ ಎಂದು ಒಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡು ಕೈ ಮುಗಿಯುವ ಹೊತ್ತಿಗೆ ಅವರು ಕುಳಿತುಬಿಟ್ಟಿದ್ದರು.

ತಲೆ ನರೆಯುವವರೆಗೆ ಅವನಿಗಾಗಿ ಯಾರೂ ಎದ್ದು ನಿಂತಿರಲಿಲ್ಲ. ಅದರ ಬಗ್ಗೆ ಅವನಿಗೆ ಬೇಜಾರೂ ಇರಲಿಲ್ಲ, ಅಥವಾ ಇಲ್ಲವೆಂದು ತಿಳಿದುಕೊಂಡಿದ್ದ. ಅವನ ಉದ್ಯೋಗವೇ ಅಂಥದು. ಮುಂಜಾನೆ ಉಳಿ ಮತ್ತು ಸಣ್ಣ ಸುತ್ತಿಗೆ ಹಿಡಿದು ತಾಮ್ರದ ಕೊಡ, ಸ್ಟೀಲಿನ ಡಬರಿ, ಪರಾತಗಳ ಮೇಲೆ ಹೆಸರು ಕೊರೆಯುವುದು. ಮಧ್ಯಾಹ್ನದ ಮೇಲೆ ಹಿಂದಿನ ಖೋಲಿಯಲ್ಲಿ ಅಪ್ಪನ ಕಾಲದ ಮಷೀನಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವುದು. ಕೊರೆದರೂ ಮತ್ತೊಬ್ಬರ ಹೆಸರು, ಅಚ್ಚು ಹಾಕಿದರೂ ಮತ್ತೊಬ್ಬರ ಹೆಸರು. ಲಗ್ನದ ಚಪ್ಪರದಲ್ಲಿ ಮೈಕು ಹಿಡಿದು ಆಹೇರ ಓದುತ್ತಾರೆ. ಮುನವಳ್ಳಿಯ ಸೋದರಮಾವನಿಂದ ತಾಮ್ರದ ಹಂಡೆ ಎಂದು ಕೂಗಿದ ಕೂಡಲೇ ಸೋದರಮಾವ ರುಮಾಲು ಸರಿಮಾಡಿಕೊಂಡು ನಾಲ್ಕೂ ದಿಕ್ಕಿಗೆ ನೋಡುತ್ತಾನೆ. ಆ ಹಂಡೆಯ ಕಂಠದ ಸುತ್ತ ಚುಕ್ಕೆಗೆ ಚುಕ್ಕೆ ಕೂಡಿಸಿ ಆ ಹೆಸರನ್ನು ತಂದವನು ಹಿಂದಿನ ಪಂಕ್ತಿಯಲ್ಲಿ ಬುಂದಿ ತಿನ್ನುತ್ತಿರುತ್ತಾನೆ. ಒಂದು ಸಲ ಒಬ್ಬಾತ ಪಕ್ಕದಲ್ಲೇ ಕುಳಿತು, ಅಕ್ಷರ ಎಷ್ಟು ಚಂದ ಬಂದಾವ, ಈಗಿನ ಮಷೀನೇ ಮಷೀನು ಎಂದು ಇವನಿಗೇ ಹೇಳಿದ್ದ. ಇವನೂ ಹೌದ್ರಿ ಎಂದು ಗೋಣು ಹಾಕಿ ಎರಡನೆಯ ಬುಂದಿಯುಂಡೆಗೆ ಕೈ ಹಾಕಿದ್ದ.

ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಅದು ಕಂಡಿತು. ನಿನ್ನೆ ಮಗಳು ಗಂಗಾ ಗೆಳತಿಯರನ್ನು ಕಟ್ಟಿಕೊಂಡು ಹೋಗಿ ಇಲ್ಲಿ, ಕಿತ್ತೂರಲ್ಲಿ, ಸವದತ್ತಿಯಲ್ಲಿ, ರಾಮದುರ್ಗದಲ್ಲಿ ಗೋಂದು ಹಚ್ಚಿ ಬಂದಿದ್ದ ಪೋಸ್ಟರು. ಬಿಳಿ ಕಾಗದ. ನಡುವೆ ನೆಟ್ಟಗೆ ಒಂದು ಕಪ್ಪು ಉಳಿ. ಅದರ ಕೆಳಗೆ ಪಾತ್ರೆಯ ಬಾಯಿಯೆಂದು ತಿಳಿಯಬೇಕಾದ ಅರ್ಧ ವರ್ತುಳ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಜಗುಣಪ್ಪ’. ಮುಗಿಯಿತು. ಜಾಹೀರಾತಿನ ಚಿತ್ರಕಲೆಯನ್ನು ಧಾರವಾಡದಲ್ಲಿ ಕಲಿತು ಬಂದ ಗಂಗಾ ಇದನ್ನು ಮೊದಲು ಬರೆದು ತೋರಿಸಿದಾಗ, ಉಳಿದದ್ದು ಯಾವಾಗ ಬರೆಯುತ್ತೀ ಎಂದು ಅವನು ಕೇಳಿದ್ದ. ಮೇಲೆ ವೀರಭದ್ರ ದೇವರು ಬೇಡವೇ, ಸುತ್ತ ಬಳ್ಳಿ ಬೇಡವೇ, ಕೆಳಗೆ ಕಮಲ ಬೇಡವೇ, ಅಪ್ಪನ ಫೋಟೋ ಬೇಡವೇ. ಅವನ ಇಡೀ ಜೀವಮಾನ ಖಾಲಿ ಜಾಗ ತುಂಬುವುದರಲ್ಲಿ ಕಳೆದಿತ್ತು. ಲಗ್ನಪತ್ರಿಕೆಯಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟರೂ ಆ ಜಾಗದಲ್ಲಿ ತನ್ನ ಹೆಸರು ಬರಬೇಕಿತ್ತೆಂದು ಒಬ್ಬ ಕಾಕಾ ಊಟ ಬಿಟ್ಟು ಎದ್ದು ಹೋಗುವ ಸೀಮೆ ಇದು. ಗಂಗಾ ನಕ್ಕು, ಖಾಲಿ ಜಾಗವೂ ಮಾತಾಡುತ್ತದೆ ಅಪ್ಪಾ ಎಂದಿದ್ದಳು. ಏನು ಮಾತಾಡುತ್ತದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಆದರೂ ಅಚ್ಚು ಹಾಕಲು ಸಾಗವಾನಿ ಹಲಗೆಯ ಮೇಲೆ ಅವಳ ಚಿತ್ರವನ್ನು ತಾನೇ ಕೆತ್ತಿದ. ಉಳಿಯಿಂದಲೇ ಉಳಿಯನ್ನು ಕೆತ್ತುವಾಗ ಒಂದು ನಮೂನೆ ನಾಚಿಕೆ, ಒಂದು ನಮೂನೆ ಖುಷಿ. ತನ್ನ ಹೆಸರನ್ನು ತಾನು ಅದಕ್ಕೂ ಮೊದಲು ಎಂದೂ ಕೊರೆದಿರಲಿಲ್ಲ. ಅಂಗಡಿಯ ಕಸುಬು, ವಿಳಾಸ, ಫೋನ್ ನಂಬರುಗಳನ್ನು ಗಂಗಾ ತೀರ ತಳದಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ಒಂದೇ ಸಾಲಿಗೆ ಮುಗಿಸಿದ್ದಳು. ಈಗ ಗೋಡೆಯ ಮುಂದೆ ನಿಂತವರು ಯಾರೂ ಅಲ್ಲಿಯವರೆಗೆ ಬಗ್ಗುತ್ತಿರಲಿಲ್ಲ. ಹೆಸರು ಓದುತ್ತಿದ್ದರು, ತಿರುಗಿ ಇವನ ಮುಖ ನೋಡುತ್ತಿದ್ದರು, ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಿದ್ದರು.

ಒಗಟು ಬಿಡಿಸಿದವನು ನಿಜಾಮಸಾಬ. ಇವನ ಅಂಗಡಿಗೆ ಹತ್ತಿಕೊಂಡದ್ದೇ ಅವನ ಪಾತ್ರೆ ಅಂಗಡಿ; ಅಲ್ಲಿ ಕೊಂಡದ್ದಕ್ಕೆ ಇಲ್ಲಿ ಹೆಸರು. ಎಷ್ಟೋ ವರ್ಷಗಳಿಂದ ಇಬ್ಬರ ನಡುವೆ ಒಂದೇ ಗೋಡೆ, ಒಂದೇ ಪೇಪರು, ಒಂದೇ ಚಾದ ಕಿಟ್ಲಿ. ಇವತ್ತು ಅವನು ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದ.

“ನಿಜಗುಣಪ್ಪಾರ, ಬಾಜೂ ಅಂಗಡಿಯವ್ಗ ಒಂದ ಮಾತ ಹೇಳಬಾರದೇನ್ರಿ? ಇಲೆಕ್ಷನ್ನಿಗೆ ನಿಂತದ್ದು ನಾವು ಗ್ವಾಡಿ ನೋಡಿ ತಿಳಕೋಬೇಕಾತು.”

ಆಗ ಎಲ್ಲವೂ ಒಮ್ಮೆಲೇ ಹೊಳೆಯಿತು. ಪುರಸಭೆಯ ಚುನಾವಣೆ ಬಾಗಿಲಿಗೆ ಬಂದಿತ್ತು, ಸೋಮವಾರದಿಂದ ಅರ್ಜಿ. ಈ ಊರಿನಲ್ಲಿ ಬಿಳಿ ಕಾಗದದ ಮೇಲೆ ಒಂದು ಕರಿ ಚಿತ್ರ, ಕೆಳಗೊಂದು ಹೆಸರು ಎಂದರೆ ಹುಟ್ಟಿದ ಕೂಸಿಗೂ ಅರ್ಥ ಒಂದೇ: ಕುಕ್ಕರ್ ಗುರ್ತಿನ ಇಂಥವರು, ಆಟೋ ಗುರ್ತಿನ ಇಂಥವರು, ಸೀಲಿಂಗ್ ಫ್ಯಾನ್ ಗುರ್ತಿನ ಇಂಥವರು. ಉಳಿ ಗುರ್ತಿನ ನಿಜಗುಣಪ್ಪ. ಮೈ ಬಿಸಿಯಾಯಿತು. ಅಯ್ಯೋ ಸಾಬರ, ಅದು ಅಂಗಡಿಯದ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂದಿತ್ತು. ಅಷ್ಟರಲ್ಲಿ ಕೊಡ ಕೊಳ್ಳಲು ಬಂದವನೊಬ್ಬ, ಇನ್ನೂ ಅರ್ಜಿಯೇ ಶುರುವಾಗಿಲ್ಲ, ಗುರ್ತು ಹೇಗೆ ಸಿಕ್ಕಿತು ಎಂದು ನ್ಯಾಯ ತೆಗೆದ. ಬಸ್ಸಿನ ಸೀಟಿಗೆ ಕಿಡಕಿಯಿಂದ ರುಮಾಲು ಒಗೆದಂತೆ ಇವರು ಮೊದಲೇ ಒಗೆದಿಟ್ಟಿದ್ದಾರೆ ಎಂದು ನಿಜಾಮಸಾಬ ಅವನ ಬಾಯಿ ಮುಚ್ಚಿಸಿದ. ಆಮೇಲೆ ಇವನ ಕಡೆ ತಿರುಗಿ ಧ್ವನಿ ಇಳಿಸಿ, ತಮ್ಮ ಗಲ್ಲಿಯ ಚಿಂತೆ ಬಿಡಬೇಕು, ತನ್ನ ಹೆಂಡತಿ ಮದರಬಿ ಮುಂಜಾನೆಯೇ ಬಾವಿಕಟ್ಟೆಯ ಹೆಂಗಸರಿಗೆಲ್ಲ ಹೇಳಿಯಾಗಿದೆ, ನಿಜಗುಣಪ್ಪನಂಥ ಮನುಷ್ಯ ನಿಂತರೆ ಓಟು ಹಾಕದೆ ಇನ್ಯಾರಿಗೆ ಹಾಕುವುದು ಎಂದ. ನಿಜಗುಣಪ್ಪ ಬಾಯಿ ತೆರೆದ. ತೆರೆದ ಬಾಯಿಂದ ಬಂದ ಮಾತು ಅವನನ್ನೇ ಬೆಚ್ಚಿಬೀಳಿಸಿತು.

“ನೋಡೋಣಂತ ಸಾಬರ.”

ಆ ಧ್ವನಿ ಎಲ್ಲಿಂದ ಬಂತು? ಅಷ್ಟು ನಿಧಾನ, ಅಷ್ಟು ತೂಕ. ಉಳಿ ಕೈಗೆತ್ತಿಕೊಂಡು ಒಂದು ಪರಾತದ ಮುಂದೆ ಕುಳಿತರೂ ಮನಸ್ಸು ಕೂಡಲಿಲ್ಲ. ಸುಳ್ಳು ಹೇಳಿಲ್ಲ ಎಂದುಕೊಂಡ. ನಿಂತಿದ್ದೇನೆ ಎಂದು ಎಲ್ಲಿ ಹೇಳಿದೆ? ನೋಡೋಣ ಎಂದೆ. ನೋಡುವುದರಲ್ಲಿ ತಪ್ಪೇನು? ಆದರೆ ನಾಲಿಗೆಯ ತುದಿಯಿಂದ ಹಿಂದೆ ಸರಿದು ಹೋದ ಆ ಮಾತು ಪೂರ್ತಿ ಒಳಗೂ ಹೋಗಿರಲಿಲ್ಲ. ಕಾಯಿಪಲ್ಲೆ ಮಾರುವ ಕೆಂಚವ್ವ ಬುಟ್ಟಿ ಇಳಿಸಿ, ಯಪ್ಪಾ, ನಮ್ಮ ಮನಿ ಮುಂದಿನ ಗಟಾರ ಒಮ್ಮೆ ನೋಡಪಾ ಎಂದು ಶುರು ಮಾಡಿದಾಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ; ಹುಬ್ಬು ಗಂಟಿಕ್ಕಿ ಕೇಳಿದ. ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಬರುತ್ತದೆ ಎಂದು ಬೇರೆ ವಿಚಾರಿಸಿದ. ಅವಳು ಹೋಗುವಾಗ ಮೆಂತ್ಯದ ಒಂದು ಕಟ್ಟು ಬಿಟ್ಟು ಹೋದಳು, ಬೇಡವೆಂದರೂ ಕೇಳಲಿಲ್ಲ. ಆಮೇಲೆ ಬಂದವರದೂ ಅದೇ ಕಥೆ. ಅಭ್ಯರ್ಥಿಯನ್ನು ನೋಡಲು ಬರಿಗೈಯಲ್ಲಿ ಬರಲು ಸಂಕೋಚ. ಹೆಸರು ಕೊರೆಸುವ ನೆವದಿಂದ ಒಂದು ಚರಗಿ, ಒಂದು ತಾಟು, ಒಂದು ಡಬ್ಬಿ ಹಿಡಿದು ಬಂದು, ಕೊರೆಯುವ ಹೊತ್ತಿನಲ್ಲಿ ನಳ, ಬೀದಿದೀಪ, ಹಂದಿಗಳ ಹಾವಳಿ ಎಲ್ಲ ಹೇಳಿ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಾತ್ರೆಗಳ ಗುಡ್ಡೆ ಬಾಗಿಲು ಮುಟ್ಟಿತ್ತು. ತನ್ನೊಳಗೆ ಯಾರೋ ಒಬ್ಬ ಹಗುರಾಗಿ ಶಿಳ್ಳೆ ಹಾಕುತ್ತಿದ್ದಾನೆಂದು ನಿಜಗುಣಪ್ಪನಿಗೆ ಗೊತ್ತಾಗಿ, ಅವನ ಬಾಯಿ ಮುಚ್ಚಿಸಲು ನೋಡಿದ.

ಬಾಯಿ ಮುಚ್ಚಿಸಲು ಶಂಕರೆಪ್ಪನನ್ನು ನೆನೆದರೆ ಸಾಕಾಗಿತ್ತು. ಈ ವಾರ್ಡಿಗೆ ನಿಲ್ಲುವವನು ಶಂಕರೆಪ್ಪ. ಬೀಜ-ಗೊಬ್ಬರದ ಅಂಗಡಿಯ ಶಂಕರೆಪ್ಪ, ಸಾಲಿಯಿಂದ ಇವನ ಜೊತೆಗಾರ. ಹೋದ ಸಲ ಸೋತು, ಆ ಸೋಲನ್ನು ಎದೆಗವಚಿಕೊಂಡು, ಈ ಸಲಕ್ಕಾಗಿ ವಾರ್ಡಿನ ಒಂದು ತೊಟ್ಟಿಲು ಬಿಡದೆ, ಒಂದು ಹೆಣ ಬಿಡದೆ ಹೋಗಿ ಬಂದವನು. ಅವನ ಕರಪತ್ರದ ಕರಡು ಇದೇ ಅಂಗಡಿಯ ಹಲಗೆಯ ಮೇಲೆ ಇತ್ತು. ಸಾಲಿಯಲ್ಲಿದ್ದಾಗ ಶಂಕರೆಪ್ಪನಿಗೆ ಕಂಡ ಕಂಡ ಗೋಡೆಯ ಮೇಲೆ ತನ್ನ ಹೆಸರು ಬರೆಯುವ ಹುಚ್ಚಿತ್ತು. ಅವನ ಅಕ್ಷರ ಕೋಳಿಕಾಲು, ಆದ್ದರಿಂದ ಇದ್ದಿಲು ಹಿಡಿದು ಬರೆಯುತ್ತಿದ್ದವನು ನಿಜಗುಣಪ್ಪ. ಸಿಕ್ಕಿಬಿದ್ದ ದಿನ ಮಾಸ್ತರರು, ಹೆಸರು ಯಾರದ್ದಾದರೇನು, ಕೈ ಯಾರದು ಎಂದು ಕೇಳಿ ಇವನ ಕೈಗೇ ಛಡಿ ಕೊಟ್ಟರು. ಶಂಕರೆಪ್ಪ ತನ್ನ ಕೈಯನ್ನೂ ಮುಂದೆ ಮಾಡಿ, ನನಗೂ ಹೊಡೀರಿ, ಹೆಸರು ನನ್ನದು ಎಂದು ಹಟ ಹಿಡಿದು ಹೊಡೆಸಿಕೊಂಡಿದ್ದ. ಅಂಥವನು ಮುಂಜಾನೆ ಮೋಟಾರ್ ಸೈಕಲ್ಲಿನ ಮೇಲೆ ಎದುರಾಗಿದ್ದ. ದಿನಾ ಆದರೆ ಅರ್ಧ ಫರ್ಲಾಂಗಿನಿಂದಲೇ ಲೇ ನಿಜಗುಣ್ಯಾ ಎಂದು ಒದರುವವನು ಇವತ್ತು ಗಾಡಿ ಸಣ್ಣಗೆ ಮಾಡಿ, ಹ್ಯಾಂಡಲಿನಿಂದ ಒಂದು ಕೈ ಅಷ್ಟೇ ಎತ್ತಿ, ನಮಸ್ಕಾರ್ರಿ ಎಂದು ಮುಂದೆ ಹೋದ. ಆ ‘ರಿ’ಯನ್ನು ಆಗ ನಿಜಗುಣಪ್ಪ ಚೇಷ್ಟೆ ಎಂದುಕೊಂಡಿದ್ದ. ಈಗ ಅದು ಉಗುರ ಸಂದಿಯಲ್ಲಿ ಹೊಕ್ಕ ತಾಮ್ರದ ಚೂರಿನಂತೆ ಚುಚ್ಚತೊಡಗಿತು. ಇವತ್ತೇ ಹೋಗಿ ಹೇಳಿಬಿಡಬೇಕು. ಹೇಳದಿದ್ದರೆ ಈ ಗೆಳೆತನ ಹೋದಂತೆಯೇ.

ಊಟಕ್ಕೆ ಮನೆಗೆ ಬಂದರೆ ಪಡಸಾಲೆಯಲ್ಲಿ ಖಾಲಿ ಕಪ್ಪುಗಳ ಸಾಲು. ಹೆಂಡತಿ ಅನ್ನಪೂರ್ಣಾ ರೊಟ್ಟಿ ಬಡಿಸಿ ಎದುರಿಗೆ ಕುಳಿತಳು. ಮುಂಜಾನೆಯಿಂದ ಓಣಿಯ ಹೆಂಗಸರೆಲ್ಲ ಬಂದು ಹೋದರಂತೆ, ಇವಳು ಎಲ್ಲರಿಗೂ ಚಾ ಮಾಡಿಕೊಟ್ಟು, ನನಗೇನೂ ಹೇಳಿಲ್ಲವ್ವಾ ಎಂದು ಗಂಭೀರವಾಗಿ ಕುಳಿತಿದ್ದಳಂತೆ. ಸಾಲಹಳ್ಳಿಯಿಂದ ಅವನ ಅಕ್ಕ ದೇವಕ್ಕನ ಫೋನೂ ಬಂದಿತ್ತು. ರಾಮದುರ್ಗದಲ್ಲೂ ಹಚ್ಚಿದ್ದಾರೆಂದರೆ ಇದು ಪುರಸಭೆಯ ಮಾತಲ್ಲ, ತಮ್ಮ ಎಮ್ಮೆಲ್ಲೆಗೇ ನಿಂತಿದ್ದಾನೆ ಎಂದು ಅವಳು ತೀರ್ಮಾನಿಸಿ, ಆರಿಸಿ ಬಂದ ಕೂಡಲೇ ತಮ್ಮೂರಿಗೆ ಸಂಜೆಯ ಬಸ್ಸು ಬಿಡಿಸಬೇಕೆಂದು ಹೇಳಿ, ಸಂತೋಷಕ್ಕೆ ಅತ್ತೂ ಬಿಟ್ಟಿದ್ದಳು. ನಿಜಗುಣಪ್ಪನಿಗೆ ನಗೆ ಬಂತು, ನಗೆಯ ಹಿಂದೆಯೇ ಕಳವಳವೂ ಬಂತು. ಅನ್ನಪೂರ್ಣಾ ಅವನ ಮುಖವನ್ನೇ ನೋಡುತ್ತಿದ್ದಳು.

“ನಿಂದರೂದಿದ್ರ ನಿಂದರ್ರಿ, ಇಲ್ಲಂದ್ರ ಇಲ್ಲಂತ ಹೇಳ್ರಿ. ಹಿಂಗ ನಡುವ ಜೋಲಿ ಹೊಡದ್ರ ನನ್ನ ಚಾಪುಡಿ ಖಾಲಿ ಆಗ್ತೇತಿ.”

ಗಂಗಾ ಗೆಳತಿಯ ಮನೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. ಸುದ್ದಿ ಕೇಳಿ ಅವಳ ಮುಖ ಇಳಿಯಿತು. ಖಾಲಿ ಜಾಗ ಕೊನೆಗೂ ಮಾತಾಡಿತ್ತು, ಅವಳು ಹೇಳಿಕೊಟ್ಟದ್ದನ್ನು ಬಿಟ್ಟು. ಆದರೆ ಹುಡುಗಿ ಹೆಚ್ಚು ಹೊತ್ತು ಹಾಗೆ ಇರಲಿಲ್ಲ. ಎಷ್ಟು ದೂರದಿಂದ ಓದಿದರು ಎಂದು ಕೇಳಿದಳು. ರಸ್ತೆಯ ಆಚೆಯಿಂದ ಎಂದ. ಎಲ್ಲರಿಗೂ ಹೆಸರು ನೆನಪಿತ್ತೇ? ಇತ್ತು. ಕೆಲಸ ಬಂತೇ? ಪಾತ್ರೆಯ ಗುಡ್ಡೆ ಬಿದ್ದಿದೆ ಎಂದ. ಹಾಗಿದ್ದರೆ ಪೋಸ್ಟರಿನ ತಪ್ಪೇನು ಎಂದು ಕಣ್ಣರಳಿಸಿದವಳು ಕೂಡಲೇ ಅನುಮಾನದಿಂದ, ನೀನು ಅಲ್ಲ ಅಂತ ಹೇಳಿದಿ ಹೌದಿಲ್ಲೋ ಅಪ್ಪಾ ಎಂದಳು. ಹೇಳುತ್ತೇನೆ ಎಂದ. ಹೇಳಿಯಾಯಿತೋ ಹೇಳುವುದಿದೆಯೋ ಎಂದು ಅವಳು ಕೇಳುವ ಮೊದಲೇ ಕೈ ತೊಳೆಯಲು ಎದ್ದ.

ಶಂಕರೆಪ್ಪನ ಮನೆಯ ಕಡೆಗೆ ಹೊರಟದ್ದೇನೋ ನಿಜ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದಷ್ಟೂ ಕೆಟ್ಟದಾಗಿ ಕಂಡಿತು: ಮುಂಜಾನೆಯೇ ಹೇಳಿದ್ದರೆ ಎರಡು ಮಾತಿನ ನಗೆಚಾಟಿಕೆ, ಈಗ ಮಧ್ಯಾಹ್ನವಾಗಿ ಅದು ತಪ್ಪೊಪ್ಪಿಗೆಯಾಗಿತ್ತು. ಓಣಿಯ ಮೂಲೆಯಿಂದ ನೋಡಿದರೆ ಗೆಳೆಯನ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಸುಮ್ಮನೆ ಕುಳಿತಿದ್ದರು. ಶಂಕರೆಪ್ಪ ಕಂಬಕ್ಕೆ ಆತು ನೆಲ ನೋಡುತ್ತಿದ್ದ. ನಿಜಗುಣಪ್ಪನ ಕಾಲುಗಳು ತಾವಾಗಿಯೇ ತಿರುಗಿದವು. ತಿರುಗಿದ್ದು ಯಾರಾದರೂ ನೋಡಿಯಾರೆಂದು, ಇದಕ್ಕಾಗಿಯೇ ಬಂದವನಂತೆ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕೇಳಿದ. ಗಾಡಿಯವನು ಉಳಿ ಗುರ್ತಿನವರೆಂದು ಗುರುತು ಹಿಡಿದು ಎರಡು ಹೆಚ್ಚಿಗೆ ಹಾಕಿದ. ಹೊಟ್ಟೆ ತುಂಬಿದ್ದರೂ, ಕಣ್ಣಲ್ಲಿ ನೀರು ಬಂದರೂ ಪೂರಾ ತಿಂದ. ಖಾರದ್ದಷ್ಟೇ ನೀರಲ್ಲ ಅದು. ನಾನು ಇಷ್ಟು ಹೇಡಿಯೇ ಎಂದು ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು.

ಇಳಿಹೊತ್ತಿಗೆ ಶಂಕರೆಪ್ಪನೇ ಅಂಗಡಿಗೆ ಬಂದ. ಒಬ್ಬನೇ ಬಂದ. ಇಸ್ತ್ರಿಯ ಬಿಳಿ ಅಂಗಿ, ಹೆಗಲ ಮೇಲೆ ಶಾಲು. ಈ ಅಂಗಡಿಗೆ ಅವನು ಎಂದೂ ಶಾಲು ಹೊದ್ದು ಬಂದವನಲ್ಲ. ಗೋಣಿಚೀಲದ ಮೇಲೆ ಕಾಲು ಚಾಚಿ ಬೀಳುತ್ತಿದ್ದವನು ಇವತ್ತು ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು, ಬಿಡುವು ಇದೆಯೇನ್ರಿ ಎಂದು ಕೇಳಿದ. ನಿಜಗುಣಪ್ಪ ಎದ್ದು ನಿಂತ. ಪಾತ್ರೆಗಳ ಗುಡ್ಡೆಯನ್ನು ಶಂಕರೆಪ್ಪ ಒಮ್ಮೆ ನೋಡಿದ, ಎಲ್ಲ ತಿಳಿದವನಂತೆ ತಲೆಯಾಡಿಸಿದ, ಸ್ಟೂಲಿನ ತುದಿಯಲ್ಲಿ ಕುಳಿತ.

“ಸೋಮವಾರ ನಾ ಅರ್ಜಿ ಹಾಕೂದಿಲ್ರಿ. ನೀವು ಹಾಕ್ರಿ,” ಎಂದ. “ಮುಂಜಾನಿಯಿಂದ ವಾರ್ಡ ತಿರಿಗೇನಿ. ನನ್ನ ಕಂಡ್ರ ಮಂದಿ ಬಾಗಲಾ ಹಾಕ್ಕೋತಾರ. ನಿಮ್ಮ ಹೆಸರ ತಗದ್ರ ನಕ್ಕೋತ ಮಾತಾಡ್ತಾರ. ನಮ್ಮವ್ವನ್ನ ಕೇಳಿದೆ. ಆಕೀನೂ ನಿಮಗ ಹಾಕತಾಳಂತ.”

ಮಾತು ಮುಗಿಸಿ ಅವನು ನಗಲು ನೋಡಿದ, ನಗೆ ಬರಲಿಲ್ಲ. ಹೊಟ್ಟೆಕಿಚ್ಚಿಲ್ಲದ, ಸಿಟ್ಟಿಲ್ಲದ ಮುಖ. ಆಡುವಾಗ ಸೋತು ಗೋಲಿ ಎಣಿಸಿ ಕೊಡುವ ಹುಡುಗನ ಮುಖ. ಎಲ್ಲರ ಮುಂದೆ ಹೇಳಿಕೊಳ್ಳಲಾಗದ ಒಂದು ಗಳಿಗೆ ಅದು: ಆ ಗಳಿಗೆಯಲ್ಲಿ ನಿಜಗುಣಪ್ಪ ಪುರಸಭೆಯ ಕುರ್ಚಿಯ ಮೇಲೆ ಕುಳಿತಿದ್ದ, ಕೆಂಚವ್ವನ ಗಟಾರ ಕಟ್ಟಿಸಿದ್ದ, ದೇವಕ್ಕನ ಊರಿಗೆ ಬಸ್ಸು ಬಿಡಿಸಿದ್ದ, ಹತ್ತಿ ಅಂಗಡಿಯ ಕಟ್ಟೆಯವರು ಎದ್ದು ನಿಂತೇ ಇದ್ದರು. ಹೂಂ ಎಂದರೆ ಸಾಕು. ಹೂಂ ಎಂದರೆ ಎಲ್ಲ ಬರುತ್ತಿತ್ತು, ಆದರೆ ಈ ಎದುರಿಗೆ ಕುಳಿತವನು ಜೀವಮಾನವಿಡೀ ನೀವು ಎನ್ನುತ್ತಿದ್ದ. ಅದನ್ನು ತಾಳಿಕೊಳ್ಳುವುದು ತನ್ನಿಂದಾಗದು ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

“ಶಂಕರೂ, ನಾ ಎಲ್ಲೂ ನಿಂತಿಲ್ಲೋ ಮಾರಾಯ. ಅದು ಅಂಗಡಿ ಜಾಹೀರಾತು.”

ಶಂಕರೆಪ್ಪ ನಂಬಲಿಲ್ಲ. ನಿಜಗುಣಪ್ಪ ಒಳಗಿನಿಂದ ಉಳಿದ ಪೋಸ್ಟರೊಂದನ್ನು ತಂದು ಅವನ ತೊಡೆಯ ಮೇಲೆ ಹಾಸಿ, ತನ್ನ ಚಸ್ಮಾ ತೆಗೆದು ಅವನಿಗೆ ಹಾಕಿ, ತೀರ ತಳದ ಸಾಲಿನ ಮೇಲೆ ಬೆರಳಿಟ್ಟ. ಶಂಕರೆಪ್ಪ ಬಗ್ಗಿ, ಸಾಲಿಯಲ್ಲಿ ಓದುತ್ತಿದ್ದಂತೆ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: ಪಾತ್ರೆಗಳ ಮೇಲೆ ಹೆಸರು ಕೊರೆದು ಕೊಡಲಾಗುವುದು, ಲಗ್ನಪತ್ರಿಕೆ ಅಚ್ಚು ಹಾಕಲಾಗುವುದು. ಇನ್ನೊಮ್ಮೆ ಓದಿದ. ಆಚೆ ನಿಜಾಮಸಾಬನ ಅಂಗಡಿಯಲ್ಲಿ ಯಾರೋ ಡಬರಿ ಬಡಿದು ನೋಡುತ್ತಿದ್ದರು. ಶಂಕರೆಪ್ಪ ನಿಧಾನವಾಗಿ ಚಸ್ಮಾ ಕಳೆದ. ಅವನ ಮುಖದ ಮೇಲೆ ಈಗ ಸಿಟ್ಟು ಬಂದಿತ್ತು.

“ಹಂಗಾರ ಮುಂಜಾನಿಯಿಂದ ಇಷ್ಟು ಮಂದಿ ಕೇಳ್ಯಾರ. ಯಾಕ ಇಲ್ಲ ಅನಲಿಲ್ಲಲೇ ನೀ?”

ನೀ ಎಂದಿದ್ದ. ಬೈಗುಳದ ಜೊತೆಗೆ ಬಂದರೂ ಅದು ನೀ. ಆದರೆ ಉತ್ತರ ಕೊಡಬೇಕಿತ್ತು, ಬೇರೆ ದಾರಿ ಇರಲಿಲ್ಲ. ಪುರಸೊತ್ತಿರಲಿಲ್ಲ ಎನ್ನಬಹುದಿತ್ತು, ಮಗಳ ಕೆಲಸ ಕೆಡಬಾರದೆಂದು ಸುಮ್ಮನಿದ್ದೆ ಎನ್ನಬಹುದಿತ್ತು. ಎರಡೂ ಅರ್ಧ ನಿಜ. ನಿಜಗುಣಪ್ಪ ಸುತ್ತಿಗೆಯ ಹಿಡಿಕೆಯನ್ನು ತಿರುವುತ್ತ, ತಲೆ ಎತ್ತದೆ, ಕಿವಿ ಕೆಂಪಾಗಿ ಹೇಳಿದ.

“ಮಂದಿ ಎದ್ದು ನಿಂತು ನಮಸ್ಕಾರ ಮಾಡಿದ್ರು. ಛಲೋ ಅನಿಸ್ತೋ.”

ಶಂಕರೆಪ್ಪ ಆ ಕೆಂಪು ಕಿವಿಯನ್ನು ನೋಡಿದ. ನೋಡುತ್ತ ಅವನ ತುಟಿಯ ಒಂದು ಮೂಲೆ ನಡುಗಿತು, ಆಮೇಲೆ ಭುಜ, ಆಮೇಲೆ ಹೊಟ್ಟೆ. ಶಾಲು ಜಾರಿ ಪರಾತದೊಳಗೆ ಬಿತ್ತು. ನಗುತ್ತ ನಗುತ್ತ ಸ್ಟೂಲಿನಿಂದ ಇಳಿದು ಗೋಣಿಚೀಲದ ಮೇಲೆ ಕುಳಿತು, ಇವನ ತೊಡೆಗೆ ಫಟ್ಟನೆ ಹೊಡೆದ.

“ಲೇ ಹುಚ್ಚ ನಿಜಗುಣ್ಯಾ, ನಾ ಮತ್ತ ಯಾತಕ್ಕ ನಿಂದರತೇನಂತ ತಿಳದೀದಿ?”